ಖೋ ಬೀಳದ ಬೆನ್ನು

ತಾಯವ್ವ ಗುಟ್ಟು ಹೇಳಿದರೂ ಎರಡನೆಯ ಓಣಿಗೆ ಕೇಳುತ್ತದೆ ಎಂದು ಕಾಲೇಜಿನ ಹುಡುಗಿಯರು ನಗುತ್ತಿದ್ದರು. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಬನಹಟ್ಟಿಯಲ್ಲಿ ಅವಳ ಮನೆಯ ಪಡಸಾಲೆಯ ತುಂಬ ಪವರ್‌ಲೂಮ್ ಮಗ್ಗಗಳು. ಬೆಳಗಿನ ಚಹಾಕ್ಕೆ ಮೊದಲೇ ಶುರುವಾದ ಖಟಖಟ ಕರೆಂಟು ಹೋದರಷ್ಟೇ ನಿಲ್ಲಬೇಕು. ಆ ಸದ್ದನ್ನೇ ಜೋಗುಳ ಮಾಡಿಕೊಂಡು ತೊಟ್ಟಿಲಲ್ಲಿ ಮಲಗಿದವಳಿಗೆ ಮಾತಾಡುವ ಬಗೆ ಎರಡೇ ಗೊತ್ತಿತ್ತು. ಒಂದೋ ಗಂಟಲು ಹರಿಯುವಂತೆ ಕೂಗುವುದು, ಇಲ್ಲವೇ ಕೈಯಲ್ಲಿ ಹೇಳುವುದು. ಬೆರಳ ತುದಿ ಕೂಡಿಸಿ ತುಟಿಗೆ ತಂದರೆ ಚಹಾ. ಅಂಗೈ ಹೊಟ್ಟೆಯ ಮೇಲಿಟ್ಟರೆ ಊಟ. ಹುಬ್ಬು ಮೇಲೇರಿಸಿದರೆ, ‘ಏನಾತು?’

ಅವಳ ಅಪ್ಪ ಪ್ರಭುಲಿಂಗನಿಗೆ ಬಾಯಿಮಾತು ಇನ್ನೂ ಕಡಿಮೆ. ನೂಲು ಹರಿದರೆ ಮಗ್ಗ ನಿಲ್ಲಿಸುತ್ತಿದ್ದ, ಬೇರೆ ಯಾವುದಕ್ಕೂ ನಿಲ್ಲಿಸಿದವನಲ್ಲ. ಬೀಗರು ಬಾಗಿಲಲ್ಲಿ ನಿಂತರೂ ಅಷ್ಟೆ, ಕೈ ಸನ್ನೆಯಲ್ಲೇ ಕೂಡ್ರಲು ಹೇಳಿ, ಲಾಳಿಯ ಮೇಲೆ ಕಣ್ಣಿಟ್ಟೇ ಯೋಗಕ್ಷೇಮ ಕೇಳುತ್ತಿದ್ದ. ನಡೆಯುವ ಮಗ್ಗವನ್ನು ಸುಮ್ಮನೆ ನಿಲ್ಲಿಸುವುದೆಂದರೆ ಉಣ್ಣುವವರ ಮುಂದಿನ ತಾಟು ಎತ್ತಿದ ಹಾಗೆ, ಅವನ ಲೆಕ್ಕದಲ್ಲಿ. ತನ್ನ ತಾಯಿಯ ಹೆಸರನ್ನೇ ಮಗಳಿಗಿಟ್ಟಿದ್ದ. ಅದಕ್ಕೇ ಐಶ್ವರ್ಯ, ರಾಜಶ್ರೀ ಎಂಬ ಹೆಸರುಗಳ ನಡುವೆ ತಾಯವ್ವ ಎಂದು ಹಾಜರಿ ಕೂಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೂ ‘ಆಶೀರ್ವಾದ ಮಾಡ ಬೇ, ಯವ್ವಾ’ ಅನ್ನುವವರೇ.

ಬನಹಟ್ಟಿಯ ಹುಡುಗಿಯರಿಗೆ ಖೋ ಖೋ ಎಂದರೆ ಉಸಿರು. ತಾಯವ್ವನೂ ಸಾಲಿಯಿಂದ ಕಾಲೇಜಿನವರೆಗೆ ಅದೇ ತಂಡದಲ್ಲಿದ್ದಳು. ಇದ್ದಳು ಅನ್ನುವುದಕ್ಕಿಂತ ಕೂತಿದ್ದಳು ಅನ್ನಬೇಕು. ಎತ್ತರದ ಮೈ, ಅಗಲ ಹೆಗಲು, ನಿಧಾನದ ಕಾಲು. ಎರಡು ಕಂಬಗಳ ನಡುವಿನ ಸಾಲಿನಲ್ಲಿ ಒಬ್ಬರು ಆಕಡೆ, ಒಬ್ಬರು ಈಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿರುತ್ತಾರಲ್ಲ, ಅಲ್ಲಿ ಅವಳ ಚೌಕ ಕಾಯಂ. ಬೆನ್ನಟ್ಟುವವಳು ಓಡಿ ಬಂದು ಕೂತವಳ ಬೆನ್ನು ತಟ್ಟಿ ‘ಖೋ!’ ಅನ್ನಬೇಕು, ಆಗಷ್ಟೇ ಎದ್ದು ಓಡಬಹುದು. ಆದರೆ ನಿಧಾನದವಳ ಬೆನ್ನು ತಟ್ಟಿ ಆಟ ಕಳೆದುಕೊಳ್ಳುವವರು ಯಾರು? ಅವಳ ಬಲಕ್ಕೆ ಖೋ ಬೀಳುತ್ತಿತ್ತು, ಎಡಕ್ಕೆ ಬೀಳುತ್ತಿತ್ತು. ಅವಳು ಹಿಮ್ಮಡಿ ಎತ್ತಿ, ಬೆರಳು ನೆಲಕ್ಕೂರಿ, ಬೆನ್ನನ್ನು ಕಿವಿಯಾಗಿಸಿಕೊಂಡು ಕಾಯುತ್ತಿದ್ದಳು. ಆಟ ಮುಗಿದಾಗ ಎಲ್ಲರ ಮೈಮೇಲೂ ಬೆವರು, ಅವಳ ಬೆರಳ ತುದಿಗೆ ಮಾತ್ರ ಮಣ್ಣು.

ಅಂಥ ಹೊತ್ತಿನಲ್ಲಿ ಕಾಲೇಜಿಗೆ ಸೋಮಲಿಂಗ ಸರ್ ಬಂದರು. ಆಟ ಕಲಿಸುವ ಹೊಸ ಮಾಸ್ತರು. ಬೆಳಗಾವಿಯಲ್ಲಿ ಫುಟ್‌ಬಾಲ್ ಆಡಿ ಬೆಳೆದವರು. ಕಾಲೇಜಿನ ಹಿಂದಿನ ಬಯಲಿನಲ್ಲಿ ಎರಡು ಕಡೆ ಕಂಬ ನೆಡಿಸಿ, ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುತ್ತೇನೆ ಎಂದರು. ಓಡಬಲ್ಲ ಹುಡುಗಿಯರು ಬೇಕಿತ್ತು. ಓಡಬಲ್ಲವರೆಲ್ಲ ಖೋ ಖೋದವರೇ. ಅವರನ್ನೇ ಕರೆದರು. ತಾಯವ್ವ ಅಭ್ಯಾಸದಂತೆ ಹಿಂದೆ ನಿಂತಿದ್ದಳು.

“ಏ, ನೀ ಯಾಕ ಹಿಂದ ನಿಂತಿ? ನೀ ಗೋಲ್‌ಕೀಪರ್ ಮುಂದ, ಡಿಫೆನ್ಸಿನ್ಯಾಗ ನಿಂದರು. ಯಾರ್ ಬಂದ್ರೂ ಬಿಡಬ್ಯಾಡ. ಒದರು ನೋಡೋಣು?”

ತಾಯವ್ವ ಒದರಿದಳು. ಬೇವಿನ ಮರದ ಗಿಳಿಗಳು ಒಮ್ಮೆಲೆ ಎದ್ದು ಹಾರಿದವು.

“ಇಕಿನ ಕ್ಯಾಪ್ಟನ್,” ಎಂದರು ಸರ್.

ಆವತ್ತು ಸಂಜೆ ಮನೆಗೆ ಹೋಗುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಕ್ಯಾಪ್ಟನ್ ಆದದ್ದಕ್ಕಿಂತ ಹೆಚ್ಚಾಗಿ, ಈ ಆಟದಲ್ಲಿ ಕೂಡ್ರುವುದೇ ಇಲ್ಲ ಎಂಬುದಕ್ಕೆ.

ದೀಪಾವಳಿ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ರಸ್ತೆಗಿಳಿಯುವ ಹೊತ್ತಿಗೆ ಸುತ್ತಲಿನ ಊರುಗಳ ಕಾಲೇಜುಗಳ ಪಂದ್ಯಗಳು ಶುರುವಾದವು. ಮೊದಲ ಪಂದ್ಯ ಮುಧೋಳದಲ್ಲಿ. ಹೊಸ ಹಳದಿ ಅಂಗಿ, ಕಾಲಿಗೆ ಒತ್ತುವ ಹೊಸ ಬೂಟು, ಬಸ್ಸಿನ ತುಂಬ ಹಾಡು. ಸೀಟಿ ಊದಿದ್ದೇ ತಡ, ರಾಜಶ್ರೀ ಬಾಲು ಹಿಡಿದು ಗಾಳಿಯಂತೆ ಓಡಿದಳು. ಅವಳಷ್ಟು ಚುರುಕು ಕಾಲು ಸುತ್ತ ಹತ್ತೂರಲ್ಲಿ ಇಲ್ಲ. ಓಡಿದಳು ಸರಿ. ನಡುವೆ ಮುಧೋಳದ ಹುಡುಗಿ ಬಾಲು ಕಸಿದುಕೊಂಡು ಹಿಂದಕ್ಕೆ ಹೊರಟಳು. ರಾಜಶ್ರೀ ತಿರುಗಲೇ ಇಲ್ಲ. ಬರಿಗಾಲಲ್ಲಿ, ಅಂದರೆ ಬಾಲಿಲ್ಲದ ಕಾಲಲ್ಲಿ, ಬಯಲಿನ ಕೊನೆಯ ಗೆರೆಯವರೆಗೂ ಓಡಿ, ಕಂಬ ಸುತ್ತಿ, ಆಮೇಲೆ ವಾಪಸು ಬಂದಳು. ಅಷ್ಟರಲ್ಲಿ ಈಕಡೆ ಗೋಲಾಗಿತ್ತು.

ಖೋ ಖೋದಲ್ಲಿ ಹಿಡಿದ ದಿಕ್ಕು ಬಿಡುವಂತಿಲ್ಲ. ಒಮ್ಮೆ ಹೊರಟರೆ ಕಂಬದವರೆಗೆ ಹೋಗಲೇಬೇಕು. ನಡುವೆ ತಿರುಗಿದರೆ ಫೌಲು. ಚಿಕ್ಕಂದಿನಿಂದ ಕಾಲುಗಳು ಕಲಿತದ್ದೇ ಅದು. ಎಲ್ಲಿಯವರೆಗೆಂದರೆ, ಒಮ್ಮೆ ಹೇಗೋ ತಿರುಗಿಬಿಟ್ಟ ಹುಡುಗಿಯೊಬ್ಬಳು ತಾನೇ ನಿಂತು, ಕೈ ಎತ್ತಿ, ರೆಫರಿಯ ಮುಖ ನೋಡಿದಳು. ರೆಫರಿಗೆ ಏನೂ ತಿಳಿಯಲಿಲ್ಲ. ಇನ್ನು ಐಶ್ವರ್ಯ, ಬಾಲು ದೂರ ಹೋದಾಗ ಮೈದಾನದ ನಟ್ಟ ನಡುವೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು!

“ಏ ತಂಗಿ, ಹೊಟ್ಟಿ ನೋಯಾಕತ್ತೈತೇನು?” ಎಂದು ಮುಧೋಳದ ಹುಡುಗಿ ಕಳಕಳಿಯಿಂದಲೇ ಕೇಳಿದಳು.

“ಇಲ್ಲಬೇ. ಖೋ ಬರಲಿ ಅಂತ ಕುಂತೇನಿ,” ಅಂದು, ನಾಲಿಗೆ ಕಚ್ಚಿಕೊಂಡು ಐಶ್ವರ್ಯ ಎದ್ದಳು.

ಒಂಬತ್ತು ಗೋಲು ತಿಂದು ಬಂದರು. ತಾಯವ್ವ ಮನೆ ಹೊಕ್ಕಾಗ ಮಗ್ಗಗಳು ನಡೆದಿದ್ದವು. ಅಪ್ಪ ಅತ್ತಲಿಂದ ಹುಬ್ಬೇರಿಸಿದ. ಅವಳು ಒಂದು ಕೈ ಬೆರಳೆಲ್ಲ ಬಿಚ್ಚಿ, ಸಾಲದೆ ಇನ್ನೂ ನಾಲ್ಕು ಬೆರಳು ತೋರಿಸಿ, ಅದು ಅವರದು ಎಂದಳು. ಇನ್ನೊಂದು ಕೈಯ ಮುಷ್ಟಿ ಮುಚ್ಚಿ ಎತ್ತಿದಳು, ಇದು ನಮ್ಮದು. ಅಪ್ಪ ತಲೆಯಾಡಿಸಿದ. ಲಾಳಿ ಆಕಡೆಯಿಂದ ಈಕಡೆ ಓಡುತ್ತಲೇ ಇತ್ತು. ಮೂಲೆಯಲ್ಲಿ ಕಂಡಕಿಗೆ ನೂಲು ಸುತ್ತುತ್ತಿದ್ದ ಅವ್ವ ಲಕ್ಷ್ಮವ್ವ ಮಾತ್ರ ಕೂಗಿದಳು, “ಉಂಡರ ಬಂದೀಯಿಲ್ಲ?”

ಮುಂದಿನ ಪಂದ್ಯದಲ್ಲೂ ಮುಷ್ಟಿ. ಅದರ ಮುಂದಿನದರಲ್ಲೂ ಮುಷ್ಟಿ. ತಾಯವ್ವ ಗೋಲಿನ ಮುಂದೆ ನಿಂತು ಎದೆಗೆ, ಹೊಟ್ಟೆಗೆ, ಮೊಣಕಾಲಿಗೆ ಬಾಲು ತಿಂದು ತಡೆದಳು. ತಡೆದಷ್ಟೂ ಬಂದವು. ಆದರೂ ಬಸ್ಸಿನಲ್ಲಿ ಹಾಡು ನಿಂತಿರಲಿಲ್ಲ. ಗೋಲ್‌ಕೀಪರ್ ಕ್ಷಮಾ ತೇರದಾಳದ ಜೈನರ ಹುಡುಗಿ, ಸಣ್ಣ ದನಿಯಲ್ಲಿ ದೊಡ್ಡ ಚೇಷ್ಟೆ ಮಾಡುವವಳು. “ಈ ಸಲ ಬಾಲ್ ಎಲ್ಲಾರಕಿಂತ ಹೆಚ್ಚಿಗಿ ಮುಟ್ಟಿದಾಕಿ ನಾನ,” ಅನ್ನುತ್ತಿದ್ದಳು. “ಬಲಿಯೊಳಗಿಂದ ತಗದು ತಗದು ಕೊಟ್ಟೇನಿ.”

ನಗು ನಿಂತದ್ದು ಪ್ರಿನ್ಸಿಪಾಲ್ ಅಂದಾನೆಪ್ಪನವರು ಬಯಲಿಗೆ ಬಂದ ದಿನ. ಸ್ಕೂಟರ್ ಆರಿಸದೆಯೇ ಮಾತಾಡಿದರು.

“ಸೋಲೂದಕ್ಕ ನಾ ಏನೂ ಅನ್ನೂದಿಲ್ಲವಾ. ಆಟ ಅಂದ್ರ ಸೋಲೂದ, ಗೆಲ್ಲೂದ. ಆದ್ರ ಒಂದ ಒಂದು ಗೋಲು? ಕಣ್ಣು ಮುಚ್ಚಿ ಒದ್ರೂ ಒಂದರ ಹೋಗಬೇಕಲ್ಲ?” ಬಯಲನ್ನು ಆ ತುದಿಯಿಂದ ಈ ತುದಿಗೆ ನೋಡಿದರು. “ಒಂದು ಹೊಡೀರಿ. ಮುಂದಿನ ವರ್ಷಾನೂ ತಂಡ ಇರ್ತೈತಿ, ನನ್ನ ಮಾತು. ಇಲ್ಲಾಂದ್ರ ಈ ಕಂಬ ಕೀಳಿಸಿ ಗಾಡಿ ನಿಂದ್ರಸಾಕ ಶೆಡ್ ಹಾಕಸ್ತೇನಿ. ನೀವು ಮತ್ತ ಖೋ ಖೋ ಆಡ್ರಿ, ಅದರಾಗರ ಕಪ್ ತರ್ತಿದ್ರಿ.”

ಸ್ಕೂಟರ್ ಹೋಯಿತು. ಉಳಿದವರಿಗೆ ಖೋ ಖೋ ಎಂದರೆ ಮನೆಗೆ ಮರಳಿದ ಹಾಗೆ, ಬೇಸರವಿದ್ದರೂ ನಷ್ಟವಿಲ್ಲ. ತಾಯವ್ವನಿಗೆ ಮಾತ್ರ ಆ ಚೌಕ ಕಣ್ಣ ಮುಂದೆ ಬಂತು. ಇನ್ನೊಂದು ವರ್ಷ ಕಾಲೇಜಿದೆ. ಆ ಒಂದು ವರ್ಷ ಮತ್ತೆ ಹಿಮ್ಮಡಿ ಎತ್ತಿ, ಬೆರಳೂರಿ ಕೂಡ್ರಬೇಕು. ನಿಂತು ರೂಢಿಯಾದ ಮೇಲೆ ಕೂಡ್ರುವುದು ಎಷ್ಟು ಕಷ್ಟ ಎಂದು ಅವಳಿಗೆ ಆವತ್ತು ತಿಳಿಯಿತು.

ಸೋಮಲಿಂಗ ಸರ್ ಎಂದಿನಂತೆ ಸೀಟಿ ಊದಿ ‘ತಿರುಗ್ರಿ, ತಿರುಗ್ರಿ’ ಎಂದು ಕೂಗತೊಡಗಿದರು. ರಾಜಶ್ರೀ ಎಂದಿನಂತೆ ಕಂಬ ಸುತ್ತಿ ಬಂದಳು.

“ಸರ್, ತಿರುಗೂದಿಲ್ಲರಿ ಇವರು,” ಎಂದಳು ತಾಯವ್ವ. “ಎಷ್ಟು ಹೇಳಿದ್ರೂ ತಿರುಗೂದಿಲ್ಲ. ತಲಿಗೆ ತಿಳದೈತಿ, ಕಾಲಿಗೆ ತಿಳದಿಲ್ಲ.”

“ಮತ್ತ ಏನ್ ಮಾಡೂದು ಹೇಳು?”

“ತಿರುಗೂದ ಬ್ಯಾಡ್ರಿ. ಅಡ್ಡ ಬಂದ್ರ ಬಾಲ್ ಅಲ್ಲೇ ಬಿಟ್ಟು ಖೋ ಅನ್ಲಿ. ಹಿಂದ ಯಾರ ಇರ್ತಾರ ಅವರು ತಗೊಂಡು ಓಡ್ಲಿ.”

ಸರ್ ಸೀಟಿಯನ್ನು ಬಾಯಿಂದ ತೆಗೆದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ರಾಜಶ್ರೀ ಬಾಲು ಹಿಡಿದು ಓಡಿದಳು. ಅಡ್ಡ ಬಂದವಳನ್ನು ಕಂಡು, ಬಾಲನ್ನು ಹಿಂದಕ್ಕೆ ಬಿಟ್ಟು ‘ಖೋ!’ ಎಂದಳು. ಐಶ್ವರ್ಯಳ ಕಾಲಿಗೆ ಏನನ್ನೂ ಹೇಳಬೇಕಾಗಲಿಲ್ಲ. ಚೌಕದಿಂದ ಚಂಗನೆ ಎದ್ದವಳಂತೆ ಹೊರಟಳು. ಖೋ! ಇನ್ನೊಬ್ಬಳು. ಖೋ! ಮತ್ತೊಬ್ಬಳು. ಬಯಲಿನ ತುಂಬ ಹಳದಿ ಅಂಗಿಗಳು ಹೊಳೆದವು. ಬೇಲಿಯಾಚೆ ಕಬ್ಬಿನ ಟ್ರ್ಯಾಕ್ಟರಿನವನು ಹಾಡು ಸಣ್ಣಗೆ ಮಾಡಿ ನಿಂತು ನೋಡಿದ.

ಬೀಳಗಿಯ ಮೈದಾನದಲ್ಲಿ ಆ ಆಟ ಆಡಿದರು. ಸೋತರು. ಆದರೆ ಬರೀ ಮೂರು ಗೋಲಿಗೆ, ಮತ್ತು ರಾಜಶ್ರೀ ಒದ್ದ ಬಾಲೊಂದು ಅವರ ಕಂಬಕ್ಕೆ ಬಡಿದು ಠಣ್ ಎಂದಿತು. ವಾಪಸು ಬರುವ ಬಸ್ಸಿನಲ್ಲಿ ಆ ಠಣ್ ಎಂಬ ಸದ್ದನ್ನೇ ಎಲ್ಲರೂ ಮತ್ತೆ ಮತ್ತೆ ಬಾಯಲ್ಲಿ ಮಾಡಿ ತೋರಿಸಿದರು.

ಹೊತ್ತು ಮುಳುಗುವ ಮುಂಚೆ ಉಣ್ಣಬೇಕಾದ ಕ್ಷಮಾ ಕಿಟಕಿಯ ಬಿಸಿಲು ನೋಡುತ್ತ ಡಬ್ಬಿ ಬಿಚ್ಚಿದಳು. ತಾಯವ್ವನ ಕೈಗೆ ಅರ್ಧ ರೊಟ್ಟಿ ಇಟ್ಟು, ಮೆಲ್ಲಗೆ ಕೇಳಿದಳು.

“ಎಲ್ಲಾರಿಗೂ ಖೋ ಬಿತ್ತು ಇವತ್ತು. ನಿನಗ ಒಂದೂ ಬೀಳಲಿಲ್ಲಲ?”

“ನಾ ಹಿಂದ ಇರ್ತೇನಿ. ನನಗ್ಯಾಕ ಕೊಡ್ತಾರ?”

“ಖೋ ಖೋದಾಗ ಹಿಂದ ಇರ್ತಿದ್ದಿಲ್ಲಲ್ಲ. ನಡಕ ಕುಂದರತಿದ್ದಿ. ಆಗೂ ಕೊಡಲಿಲ್ಲ. ಬಾಯಿ ಬಿಟ್ಟು ಕೇಳಬೇಕಿಲ್ಲೋ? ಊರಿಗೆ ಕೇಳೂ ಹಂಗ ಒದರ್ತಿ, ಇದೊಂದು ಕೇಳಾಕ ಬಾಯಿಲ್ಲ!”

ತಾಯವ್ವ ರೊಟ್ಟಿ ಮುರಿದಳು. ಜೀವನದಲ್ಲಿ ಮೊದಲ ಸಲ ಅವಳ ದನಿ ಪಕ್ಕದ ಸೀಟಿಗೂ ಕೇಳದಷ್ಟು ಸಣ್ಣಗಿತ್ತು. “ಖೋ ಕೇಳಿ ಇಸ್ಕೊಳ್ಳೂದಲ್ಲ ಕ್ಷಮಾ. ಅದು ಹಿಂದಿಂದ ಬರಬೇಕು.”

ಕೊನೆಯ ಪಂದ್ಯ ಜಮಖಂಡಿಯಲ್ಲಿ. ಆ ಊರಿನ ತಂಡ ಆ ಸಲ ಯಾರಿಗೂ ಸೋತಿರಲಿಲ್ಲ. ಮೈದಾನದ ಸುತ್ತ ಜನವೋ ಜನ. ಕಾಲೇಜಿನ ಹುಡುಗರು ಬಾರಿಸಲು ಹಲಗೆ ತಂದಿದ್ದರು. ಶೇಂಗಾ ಮಾರುವವನು ಗೋಲಿನ ಹಿಂದೆಯೇ ಬುಟ್ಟಿ ಇಳಿಸಿದ್ದ. ಬನಹಟ್ಟಿಯ ಹುಡುಗಿಯರು ಒಳಗೆ ಬರುತ್ತಲೇ ಯಾರೋ ಕೂಗಿದರು, “ಕುಕ್ಕರುಗಾಲಿನ ಟೀಮ್ ಬಂತಲೇ!”

ಐಶ್ವರ್ಯ ಆ ಕಡೆ ತಿರುಗಿ ಕೈ ಮುಗಿದಳು. ಜನ ನಕ್ಕರು, ಹಲಗೆಗೆ ಪೆಟ್ಟು ಬಿತ್ತು.

ಹಾಫ್‌ಟೈಮಿಗೆ ಎರಡು ಗೋಲು. ಆಮೇಲೆ ಮೂರು. ಆಮೇಲೆ ನಾಲ್ಕು. ಆದರೂ ಆಟ ಏಕಪಕ್ಷೀಯವಾಗಿರಲಿಲ್ಲ. ಖೋ, ಖೋ, ಖೋ ಎಂದು ಬಾಲು ಜಮಖಂಡಿಯ ಗೋಲಿನವರೆಗೆ ಹೋಗುತ್ತಿತ್ತು, ಕೊನೆಯ ಗಳಿಗೆಯಲ್ಲಿ ಜಾರುತ್ತಿತ್ತು. ಹೊತ್ತು ಹೋದಂತೆ ಜನರ ದನಿಯೂ ಬದಲಾಯಿತು. ಗೆಲ್ಲುವವರು ಯಾರೆಂದು ಗೊತ್ತಾಗಿದ್ದರಿಂದಲೋ ಏನೋ, ಹಲಗೆಯ ಹುಡುಗರೂ ಬಾಲು ಹಳದಿ ಅಂಗಿಯ ಕಾಲಿಗೆ ಬಂದಾಗ ‘ಖೋ’ ಎಂದು ಕೂಗತೊಡಗಿದರು. ಇಡೀ ಮೈದಾನವೇ ಖೋ ಅನ್ನುತ್ತಿತ್ತು. ತಾಯವ್ವ ತನ್ನ ಗೋಲಿನ ಮುಂದೆ ನಿಂತು ಆ ಸದ್ದನ್ನು ಕೇಳುತ್ತಿದ್ದಳು. ಬೆನ್ನು ಜುಮ್ಮೆನ್ನುತ್ತಿತ್ತು. ರೆಫರಿ ಕೈಗಡಿಯಾರ ನೋಡಿಕೊಂಡದ್ದು ಕಂಡಿತು. ಇನ್ನು ಸ್ವಲ್ಪವೇ ಹೊತ್ತು. ಆಮೇಲೆ ಶೆಡ್ಡು, ಆಮೇಲೆ ಚೌಕ.

ಅಷ್ಟರಲ್ಲಿ ಜಮಖಂಡಿಯವರು ಒದ್ದ ಬಾಲೊಂದನ್ನು ಕ್ಷಮಾ ಅಂಗಾತ ಬಿದ್ದು ಹಿಡಿದಳು. ಎದ್ದು, ಸುತ್ತ ನೋಡದೆ, ನೇರ ತಾಯವ್ವನ ಕಾಲ ಬುಡಕ್ಕೆ ಉರುಳಿಸಿದಳು.

ತಾಯವ್ವ ಅದನ್ನು ಐಶ್ವರ್ಯಳ ಕಡೆ ತಳ್ಳಿದಳು. ಅಲ್ಲಿಗೆ ಅವಳ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾವಾಗ ಹೊರಟಳೋ ಅವಳಿಗೇ ತಿಳಿಯಲಿಲ್ಲ, ಅವಳು ಓಡುತ್ತಿದ್ದಳು. ನಡುಗೆರೆ ದಾಟಿದಳು.

“ತಾಯವ್ವಾ! ಹಿಂದಕ್ಕ ಬಾ! ಗೋಲಿನ ಮುಂದ ಯಾರೂ ಇಲ್ಲ, ಹಿಂದಕ್ಕ ಬಾ!” ಸೋಮಲಿಂಗ ಸರ್ ಗೆರೆಯ ಗುಂಟ ಓಡುತ್ತ ಕೂಗುತ್ತಿದ್ದರು.

ಕೇಳಿಸಿತು. ಕೇಳಿಸದೇನು! ಆದರೆ ತಿರುಗುವುದು ಹೇಗೆ? ದಿಕ್ಕು ಹಿಡಿದಾಗಿತ್ತು. ಇಷ್ಟು ವರ್ಷ ಚೌಕದಲ್ಲಿ ಕೂತು ಬೇರೆಯವರ ಓಟ ನೋಡಿ ನೋಡಿ, ಓಡದ ಅವಳ ಕಾಲಿಗೂ ಆ ಕಾಯ್ದೆ ಹತ್ತಿಬಿಟ್ಟಿತ್ತು. ಕಂಬ ಮುಟ್ಟುವವರೆಗೂ ತಿರುಗುವಂತಿಲ್ಲ.

ಐಶ್ವರ್ಯ ಖೋ ಅಂದಳು. ರಾಜಶ್ರೀ ಬಾಲು ಹಿಡಿದು ಬಲಗೆರೆಯ ಗುಂಟ ಹಾರಿದಳು. ಜಮಖಂಡಿಯ ಇಬ್ಬರು ಅವಳ ಮೇಲೆ ಬಿದ್ದರು. ಅವರ ಗೋಲ್‌ಕೀಪರೂ ಆ ಕಡೆಗೇ ವಾಲಿದಳು. ಮುಂದೆ ಗೆರೆ, ಮೂಲೆ, ಮುಗಿಯಿತು. ಬೇರೆ ಊರಿನ ಹುಡುಗಿಯಾಗಿದ್ದರೆ ತಿರುಗುತ್ತಿದ್ದಳು. ಅವರೂ ಅವಳು ತಿರುಗುವ ದಾರಿಯಲ್ಲೇ ಕಾಲು ಚಾಚಿ ನಿಂತಿದ್ದರು. ರಾಜಶ್ರೀ ತಿರುಗಲಿಲ್ಲ. ಬಾಲಿನ ಮೇಲಿಂದ ಹಾರಿ, ಹಿಮ್ಮಡಿಯಿಂದ ಅದನ್ನು ಹಿಂದಕ್ಕೆ ಸರಿಸಿ, ಹಿಂದೆ ಯಾರಿದ್ದಾರೆ ಎಂದು ನೋಡದೆಯೇ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು:

“ಖೋ!”

ಹಿಂದೆ ಇದ್ದವಳು ತಾಯವ್ವ.

ಯಾರ ಕೈಯೂ ಅವಳನ್ನು ಮುಟ್ಟಲಿಲ್ಲ. ಆದರೂ ಎರಡು ಹೆಗಲಿನ ನಡುವೆ, ಸರಿಯಾಗಿ ಅಲ್ಲೇ, ಅಂಗೈ ಬಿದ್ದ ಹಾಗಾಯಿತು. ಇಷ್ಟು ವರ್ಷ ಹಿಮ್ಮಡಿ ಎತ್ತಿಟ್ಟುಕೊಂಡೇ ಕಾದಿದ್ದ ಕಾಲು ನೆಲ ಬಿಟ್ಟಿತು. ಒದ್ದಳು. ನೋಡಲು ಚೆಂದದ ಒದೆತವಲ್ಲ. ಬೂಟಿನ ತುದಿಯ ಒದೆತ. ಬಾಲು ಧೂಳೆಬ್ಬಿಸಿಕೊಂಡು, ಒಂದು ಕಲ್ಲಿಗೆ ಎಡವಿ, ಗೋಲ್‌ಕೀಪರಿನ ಬೆರಳ ತುದಿಯ ಆಚೆಯಿಂದ ಹೋಗಿ ಕಂಬಕ್ಕೆ ಬಡಿಯಿತು. ಠಣ್. ಬೀಳಗಿಯಲ್ಲಿ ಕೇಳಿದ ಅದೇ ಸದ್ದು. ಆದರೆ ಈ ಸಲ ಬಾಲು ಒಳಮುಖವಾಗಿ ಹೊರಳಿ, ಬಲೆಯೊಳಗೆ ಹೋಗಿ ಕೂತಿತು.

ತಾಯವ್ವ ನಿಲ್ಲಲಿಲ್ಲ. ಓಡುತ್ತಲೇ ಹೋಗಿ ಗೋಲಿನ ಕಂಬವನ್ನು ಎರಡೂ ಕೈಯಿಂದ ತಬ್ಬಿದಳು. ಆಮೇಲೆ ತಿರುಗಿದಳು. ತಿರುಗಿ ಒದರಿದ ಒದರಾಟಕ್ಕೆ ಶೇಂಗಾದವನು ಬುಟ್ಟಿ ಸರಿಸಿಕೊಂಡ.

ಹಳದಿ ಅಂಗಿಗಳೆಲ್ಲ ಅವಳ ಮೇಲೆ ಬಿದ್ದವು. ರಾಜಶ್ರೀ ಅವಳ ಬೆನ್ನಿಗೆ ಗುದ್ದಿದಳು, ಐಶ್ವರ್ಯ ಗುದ್ದಿದಳು. ಆಕಡೆ ತುದಿಯಿಂದ ಗೋಲು ಬಿಟ್ಟು ಓಡಿಬಂದ ಕ್ಷಮಾ ಎಲ್ಲರಿಗಿಂತ ಜೋರಾಗಿ ಗುದ್ದಿ, “ಬಂತಿಲ್ಲಬೇ, ಹಿಂದಿಂದ?” ಎಂದಳು. ಈ ಗದ್ದಲದಲ್ಲಿ ಆಟ ಮತ್ತೆ ಶುರುವಾದದ್ದು ಅವರಿಗೆ ಪೂರ್ತಿ ತಿಳಿಯುವ ಮೊದಲೇ ಜಮಖಂಡಿಯವರು ಐದನೆಯ ಗೋಲನ್ನೂ ಹೊಡೆದರು. ಕೊನೆಯ ಸೀಟಿ ಬಿತ್ತು. ಐದು–ಒಂದು.

ಬನಹಟ್ಟಿಯವರು ಕುಣಿಯುತ್ತಿದ್ದರು. ಹಲಗೆಯ ಹುಡುಗರೂ ತಾಳ ಹಾಕಿದರು. ಜಮಖಂಡಿಯ ಕ್ಯಾಪ್ಟನ್ ಗೊಂದಲದಿಂದ ಹತ್ತಿರ ಬಂದಳು. “ಅಲ್ರೇ, ಗೆದ್ದೋರು ನಾವಲ್ಲೇನು?”

“ನೀವರೀ ಅಕ್ಕಾರ, ನೀವ. ಹೆದರಬ್ಯಾಡ್ರಿ,” ಎಂದು ಐಶ್ವರ್ಯ ಅವಳನ್ನೂ ಎಳೆದುಕೊಂಡು ಕುಣಿದಳು.

ಸೋಮಲಿಂಗ ಸರ್ ಬಸ್ ಸ್ಟ್ಯಾಂಡಿನಿಂದಲೇ ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ಎಷ್ಟಕ್ಕ ಸೋತ್ರಿ?”

“ಐದು–ಒಂದ್ರಿ ಸರ್.”

“ಒಂದು ಯಾರದು?”

“ನಮ್ದ್ರಿ.”

ಫೋನು ಗರಗರ ಎಂದಿತು. “ಖರೆ?”

“ಖರೇರಿ. ತಾಯವ್ವ ಹೊಡದ್ಲು.”

“ಅಕಿ ನಮ್ಮ ಗೋಲಿನ ಮುಂದ ನಿಂದ್ರಾಕಿ ಅಲ್ಲೇನು? ಅಲ್ಲೀತನಕ ಯಾಕ ಹೋಗಿದ್ಲು?”

ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಸರ್ ತಾಯವ್ವನ ಮುಖ ನೋಡಿದರು. “ತಿರುಗಾಕ ಬರಲಿಲ್ಲಂತ್ರಿ ಸರ್.”

“ಆತು ಆತು,” ಎಂದಿತು ಫೋನು. “ಶೆಡ್ ಬ್ಯಾರೆ ಕಡೆ ಹಾಕಸೋಣು ತಗೋರಿ.”

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಗ್ಗಗಳೆಲ್ಲ ಜೋರಾಗಿ ನಡೆದಿದ್ದವು. ಕೆಂಪು ಅಂಚಿನ ಸೀರೆಯೊಂದು ಅಪ್ಪನ ಮಗ್ಗದಲ್ಲಿ ಅರ್ಧಕ್ಕೆ ಬಂದಿತ್ತು. ಅವನು ಅತ್ತಲಿಂದ, ಎಂದಿನಂತೆ, ಹುಬ್ಬೇರಿಸಿದ. ತಾಯವ್ವ ಒಂದು ಕೈಯ ಐದು ಬೆರಳು ಬಿಚ್ಚಿದಳು. ಅವರದು. ಅಪ್ಪ ತಲೆಯಾಡಿಸಿ ಲಾಳಿಯ ಕಡೆ ತಿರುಗಬೇಕು, ಅಷ್ಟರಲ್ಲಿ ಅವಳು ಇನ್ನೊಂದು ಕೈ ಎತ್ತಿದಳು. ಮುಷ್ಟಿಯಿಂದ ಒಂದೇ ಬೆರಳು ಮೇಲೆದ್ದಿತು. ಆ ಬೆರಳನ್ನು ಬಾಗಿಸಿ ತನ್ನ ಎದೆಗೆ ಊರಿಕೊಂಡಳು.

ಪ್ರಭುಲಿಂಗ ಆ ಬೆರಳನ್ನೇ ನೋಡಿದ. ನೂಲೇನೂ ಹರಿದಿರಲಿಲ್ಲ. ಕರೆಂಟೂ ಇತ್ತು. ಅವನು ಕೈ ಚಾಚಿ ಮಗ್ಗ ನಿಲ್ಲಿಸಿದ. ಆಮೇಲೆ ಪಕ್ಕದ್ದು. ಆಮೇಲೆ ಗೋಡೆಯ ಹತ್ತಿರದ್ದು. ಒಂದೊಂದಾಗಿ ಖಟಖಟ ಇಳಿದು, ಪಡಸಾಲೆಯಲ್ಲಿ ಅವ್ವನ ಕೈಯ ಕಂಡಕಿ ನೆಲಕ್ಕೆ ಬಿದ್ದು ಉರುಳಿದ ಸದ್ದೂ ಕೇಳಿಸಿತು. “ಏನಾತ್ರಿ?” ಎಂದು ಅವ್ವ ಗಾಬರಿಯಾದಳು.

ಅಪ್ಪ ಮಗ್ಗದ ಹಲಗೆಯ ಮೇಲೆ ಕೂತು, ಕೈ ಒರೆಸಿಕೊಂಡ.

“ಹೇಳು,” ಎಂದ. “ಮೊದಲಿಂದ ಹೇಳು.”

ಆ ಮನೆಯಲ್ಲಿ ಅಷ್ಟು ಮೌನ ತಾಯವ್ವ ಎಂದೂ ಕೇಳಿರಲಿಲ್ಲ. ಅವಳು ಹೇಳತೊಡಗಿದಳು. ಮಗ್ಗಗಳೆಲ್ಲ ನಡೆದೇ ಇವೆಯೇನೋ ಎಂಬಂತೆ, ಎರಡನೆಯ ಓಣಿಗೂ ಕೇಳುವಂತೆ.